ಅಗಡಿ ಜಯವ್ವನ ತುಂಬಿದ ಉಡಿ

ಅಗಡಿಯ ಜಯವ್ವ ಬೀಜದ ಕಂಪನಿಯ ಕೆಲಸ ಬಿಟ್ಟು ಎರಡು ವರ್ಷವಾಗುತ್ತ ಬಂತು. ಯಾಕೆ ಬಿಟ್ಟಳು ಎಂದು ಊರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮ್ಯಾನೇಜರನ ಮೇಲೆ ಕೈ ಎತ್ತಿದಳಂತೆ, ಬೀಜ ಕದ್ದು ಸಿಕ್ಕಿಬಿದ್ದಳಂತೆ, ಆಫ್ರಿಕಾದವರು ವಿಮಾನದ ಟಿಕೆಟ್ ಕಳಿಸಿದರೂ ಹೋಗಲಿಲ್ಲವಂತೆ. ಈ ಅಂತೆ ಕಂತೆಗಳನ್ನು ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ. ಆ ದಿನ ನಾನು ಅಲ್ಲೇ ಇದ್ದೆ. ಆಕೆಯ ಮಾತನ್ನು ಪರದೇಶದವರಿಗೆ, ಅವರ ಮಾತನ್ನು ಆಕೆಗೆ ದಾಟಿಸುತ್ತಿದ್ದವನೇ ನಾನು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಶ್ರೀನಿವಾಸ, ಹಾವೇರಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಭಾರತದ ವಿದೇಶಾಂಗ ನೀತಿ ಎಂಬ ಪಾಠ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತಿತ್ತು. ಪಂಚಶೀಲ, ಅಲಿಪ್ತ ನೀತಿ, ನೆರೆಹೊರೆಯ ಸ್ನೇಹ, ರಾಯಭಾರ ಕಚೇರಿಗಳ ಹಕ್ಕುಬಾಧ್ಯತೆ, ಎಲ್ಲವನ್ನೂ ಗಂಟಲು ಹರಿಯುವಂತೆ ಹೇಳಿದ್ದೇನೆ. ಅಷ್ಟೆಲ್ಲ ಹೇಳಿದವನು ನಿವೃತ್ತಿಯಾಗುವವರೆಗೂ ಒಬ್ಬ ವಿದೇಶಿಯ ಎದುರಿಗೆ ಕೂತು ಚಹಾ ಕುಡಿದಿರಲಿಲ್ಲ. ಜಯವ್ವನ ಸಂಗತಿ ಹೇಳಬೇಕಾದರೆ ನನ್ನದನ್ನೂ ಇಷ್ಟು ಹೇಳಲೇಬೇಕು.

ಜಯವ್ವನ ತವರು ಕಾಗಿನೆಲೆ. ಅಗಡಿಯ ಸೋಮಣ್ಣನಿಗೆ ಕೊಟ್ಟರು. ಸೋಮಣ್ಣ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ಸುಗ್ಗಿಯಲ್ಲಿ, ಎದೆ ಹಿಡಿದಂತಾಗುತ್ತದೆ ಎಂದು ಮೆಣಸಿನಕಾಯಿ ಚೀಲದ ಮೇಲೆ ಕೂತವನು ಮತ್ತೆ ಏಳಲಿಲ್ಲ. ಮಗ ಚನ್ನೇಶ ಆಗ ಇನ್ನೂ ಕನ್ನಡ ಶಾಲೆಯಲ್ಲಿದ್ದ. ಜಯವ್ವ ಅತ್ತು ಮುಗಿಸಿ ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಕ್ರಾಸಿಂಗ್ ಕೆಲಸಕ್ಕೆ ಸೇರಿದಳು. ಈಗ ಚನ್ನೇಶ ರಾಣೆಬೆನ್ನೂರು ಸ್ಟೇಶನ್ನಿನ ಮುಂದೆ ಆಟೋ ಓಡಿಸುತ್ತಾನೆ. ಸೊಸೆ ಮಹೇಶ್ವರಿ ಅತ್ತೆಯ ಜೊತೆಗೇ ಕ್ರಾಸಿಂಗಿಗೆ ಹೋಗುತ್ತಿದ್ದಳು.

ಕ್ರಾಸಿಂಗ್ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಬೇರೆ ಕಡೆಯವರಿಗಾಗಿ ಎರಡು ಮಾತು. ಬಲೆ ಕಟ್ಟಿದ ಮೆಣಸಿನಕಾಯಿ ಹೊಲದೊಳಗೆ ಹೆಣ್ಣು ಸಾಲು, ಗಂಡು ಸಾಲು ಬೇರೆ ಬೇರೆ ಇರುತ್ತವೆ. ಸಂಜೆ ಹೆಣ್ಣು ಸಾಲಿನ ಮೊಗ್ಗನ್ನು ಚಿಮಟಿಗೆಯಿಂದ ಬಿಡಿಸಿ ಒಳಗಿನ ಗಂಡು ಕೇಸರವನ್ನು ಕಿತ್ತು ಹಾಕಬೇಕು. ಬೆಳಿಗ್ಗೆ ಗಂಡು ಸಾಲಿನ ಹೂವಿನ ಪುಡಿ ತಂದು ಅದಕ್ಕೆ ತಾಗಿಸಿ ಕೆಂಪು ದಾರ ಕಟ್ಟಬೇಕು. ದಾರ ಕಟ್ಟಿದ ಕಾಯಿಯ ಹೈಬ್ರಿಡ್ ಬೀಜಕ್ಕೆ ಮಾತ್ರ ಬೆಲೆ. ಆ ಎರಡು ಸಾಲಿನ ಮೂಲ ಬೀಜವನ್ನು ಕಂಪನಿಯವರು ಯಾರಿಗೂ ಕೊಡುವುದಿಲ್ಲ, ಅದು ಹೊರಗೆ ಹೋದರೆ ಕಂಪನಿಯೇ ಹೊರಗೆ ಹೋದಂತೆ. ಅದಕ್ಕೇ ಸಂಜೆ ಗೇಟಿನಲ್ಲಿ ತಪಾಸಣೆ. ಹೆಣ್ಣುಮಕ್ಕಳು ಸಾಲಾಗಿ ನಿಂತು, ಕಾವಲುಗಾರ ಯೂಸುಫಸಾಬನ ಎದುರು ಒಬ್ಬೊಬ್ಬರಾಗಿ ಸೆರಗು ಬಿಚ್ಚಿ ಉಡಿ ಝಾಡಿಸಬೇಕು. ಒಂದು ಕಾಳೂ ಉದುರದಿದ್ದರೆ ಮನೆಗೆ. ಯೂಸುಫಸಾಬ ಒಳ್ಳೆಯ ಮನುಷ್ಯ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು, "ಝಾಡಸ್ರವ್ವಾ, ಲಗೂ ಝಾಡಸ್ರಿ, ಬಸ್ ತಪ್ಪತೈತಿ" ಎನ್ನುತ್ತಿದ್ದ. ಜಯವ್ವ ವರ್ಷಗಟ್ಟಲೆ ಹೀಗೆ ಝಾಡಿಸಿದವಳು. ಅದರಲ್ಲಿ ಅವಮಾನವೇನಾದರೂ ಇದೆ ಎಂದು ಆಕೆಗೆ ಒಮ್ಮೆಯೂ ಅನಿಸಿರಲಿಲ್ಲವಂತೆ.

ಕಂಪನಿಯ ಬೀಜದ ಮಾತು ಹಾಗಿರಲಿ, ಜಯವ್ವನಿಗೆ ತನ್ನದೇ ಬೀಜವಿತ್ತು. ಹಿತ್ತಲಿನ ಹೀರೆ, ಸವತಿ, ಅವರೆ. ಅಗಡಿಯ ಯಾವ ಮಗಳು ತವರಿಗೆ ಬಂದು ಹೊರಟರೂ ಆಕೆಯ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿಣದ ಬೇರಿನ ಜೊತೆ ಜಯವ್ವನ ಹಿತ್ತಲಿನ ಬೀಜದ ಒಂದು ಸಣ್ಣ ಗಂಟು ಇರಲೇಬೇಕು. ಗಂಟು ಜಯವ್ವನದು, ತುಂಬುವ ಕೈ ಮಾತ್ರ ಬೇರೆಯವರದು. ಗಂಡ ಸತ್ತವಳು ಉಡಿ ತುಂಬುವಂತಿಲ್ಲ, ಆಕೆಗೂ ಯಾರೂ ತುಂಬುವುದಿಲ್ಲ. ಈ ಪದ್ಧತಿ ಕೆಟ್ಟದ್ದು ಎಂದು ನಾನು ಭಾಷಣ ಮಾಡಬಲ್ಲೆ. ಜಯವ್ವ ಭಾಷಣ ಮಾಡದೆ ಬಾಗಿಲ ಮರೆಗೆ ಸರಿದು ನಿಲ್ಲುತ್ತಿದ್ದಳು.

ಜಿ-20 ಸಭೆ ನಮ್ಮ ದೇಶದಲ್ಲಿ ನಡೆದು, ಆಫ್ರಿಕಾದ ಒಕ್ಕೂಟವನ್ನು ಆ ಗುಂಪಿಗೆ ಸೇರಿಸಿಕೊಂಡರಲ್ಲ, ಆ ವರ್ಷದ ಕೊನೆಗೆ ನನಗೊಂದು ಫೋನ್ ಬಂತು. ದಿಲ್ಲಿಯಿಂದ, ನಂದನ. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳಿದ ಹುಡುಗ, ಈಗ ವಿದೇಶಾಂಗ ಇಲಾಖೆಯಲ್ಲಿ ಅಧಿಕಾರಿ. "ಸರ್, ಮಲಾವಿ ದೇಶದಿಂದ ಕೃಷಿ ಇಲಾಖೆಯವರು ತರಬೇತಿಗೆ ಬರಾಕತ್ತಾರ. ರಾಣೆಬೆನ್ನೂರಾಗ ಕ್ರಾಸಿಂಗ್ ಕಲೀತಾರ. ಅವರಿಗೆ ಇಂಗ್ಲಿಷ್ ಬರ್ತದ, ನಮ್ಮ ಹೆಣ್ಣುಮಕ್ಕಳಿಗೆ ಬರಂಗಿಲ್ಲ. ನಡುವ ನೀವು ನಿಂದರಬೇಕು."

"ಆಫ್ರಿಕಾ ಈಗ ನಿಮ್ಮ ಆದ್ಯತೆ ಏನಪಾ?" ಎಂದು ಕೆಣಕಿದೆ.

"ಹೌದ್ರಿ ಸರ್. ರೊಕ್ಕಾ ಕೊಡವ್ರು ಬ್ಯಾರೆ ದೇಶದವ್ರು ಭಾಳ ಮಂದಿ ಇದ್ದಾರ. ನಾವು ಕೆಲಸಾ ಕಲಸ್ತೀವಿ. ನೆನಪಿನಾಗ ಉಳಿಯೂದು ಅದ." ಪರೀಕ್ಷೆಯಲ್ಲಿ ಹೀಗೆ ಉತ್ತರ ಬರೆದಿದ್ದರೆ ಅವನಿಗೆ ನಾಲ್ಕು ಅಂಕ ಹೆಚ್ಚು ಕೊಡುತ್ತಿದ್ದೆ.

ಮಲಾವಿಯವರು ಬಂದರು, ಅವರ ಜೊತೆ ನಂದನನೂ ಬಂದ. ಕಂಪನಿಯ ಬಾಗಿಲಿಗೆ 'ಸ್ನೇಹದ ಬೀಜ, ಸಹಕಾರದ ಬೆಳೆ' ಎಂಬ ದೊಡ್ಡ ಬ್ಯಾನರ್ ಬಿತ್ತು. ಕಲೆಕ್ಟರ್ ಆಫೀಸಿನವರು ಏಲಕ್ಕಿ ಹಾರ ಹಾಕಿದರು, ಫೋಟೋ ತೆಗೆಸಿಕೊಂಡರು, ಹೋದರು. ಕಲಿಸಲು ಉಳಿದವಳು ಜಯವ್ವ. ಕಂಪನಿಯ ಮ್ಯಾನೇಜರ್ ಪ್ರಭುಲಿಂಗಪ್ಪನಿಗೆ ಇದ್ಯಾವುದಕ್ಕೂ ಮನಸ್ಸಿರಲಿಲ್ಲ. ಹೆಡ್ ಆಫೀಸಿನವರು ಸರ್ಕಾರಕ್ಕೆ ಒಪ್ಪಿಕೊಂಡಿದ್ದರು, ಅವನು ಒಪ್ಪಿಕೊಂಡಿರಲಿಲ್ಲ. ಅತಿಥಿಗಳಿಗೆ ಗೇಟಿನ ತಪಾಸಣೆ ಇರಬಾರದು ಎಂದು ನಂದನ ಹೇಳಿದಾಗಿನಿಂದ ಅವನ ಮುಖ ಹುಳ್ಳಗಾಗಿತ್ತು.

ತಂಡದಲ್ಲಿ ಎಸ್ನತ್ ಎಂಬ ಹೆಣ್ಣುಮಗಳಿದ್ದಳು. ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಾಯಿ, ತನ್ನ ಸೀಮೆಯ ಹಳ್ಳಿಗಳಿಗೆ ಬೇಸಾಯದ ಸಲಹೆ ಕೊಡುವ ಸರ್ಕಾರಿ ನೌಕರಿ. ಪ್ಯಾಂಟಿನ ಮೇಲೆ ಅವರ ಕಡೆಯ ಬಣ್ಣದ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಅದಕ್ಕೆ ಚಿತೆಂಜೆ ಎನ್ನುತ್ತಾರೆ. ಮೊದಲ ದಿನ ಚಿಮಟಿಗೆಯಿಂದ ಮೊಗ್ಗನ್ನೇ ಮುರಿದು ಹಾಕಿದಳು. ಜಯವ್ವ ಆಕೆಯ ಮಣಿಕಟ್ಟು ಹಿಡಿದು, "ಹಂಗಲ್ಲವ್ವಾ, ಕೂಸಿನ ಕಿವಿ ಹಿಡದಂಗ ಹಿಡಿ" ಎಂದಳು. ನಾನು ಅದನ್ನು ಇಂಗ್ಲಿಷಿಗೆ ತರಲು ಒದ್ದಾಡುವಷ್ಟರಲ್ಲಿ ಎಸ್ನತ್ ಮುಂದಿನ ಮೊಗ್ಗನ್ನು ಸರಿಯಾಗಿ ಬಿಡಿಸಿದ್ದಳು. ನಾಲ್ಕು ದಿನ ಕಳೆಯುವಷ್ಟರಲ್ಲಿ ಇಬ್ಬರಿಗೂ ನಾನು ಬೇಡವಾದೆ.

ಊಟದ ಹೊತ್ತಿಗೆ ಮಾತ್ರ ಕರೆಯುತ್ತಿದ್ದರು. ತಮ್ಮಲ್ಲಿ ಗೋವಿನಜೋಳದ ಹಿಟ್ಟು ಕುದಿಸಿ ಉಂಡೆ ಮಾಡಿ ಉಣ್ಣುತ್ತೇವೆ ಎಂದು ಎಸ್ನತ್ ಹೇಳಿದಾಗ ಜಯವ್ವ ಕಣ್ಣರಳಿಸಿದಳು. "ಅಯ್ಯ, ನಾವು ಹಾವೇರಿಯವ್ರು ಅದನ್ನ ಬೆಳದು ಬೆಳದು ಕೋಳಿ ಫಾರಂಗೆ ಕಳಸ್ತೀವಿ. ಉಣ್ಣವ್ರು ಇಲ್ಲಿ ಅದಾರ ನೋಡ." ಎಸ್ನತ್ ನಕ್ಕು ನಕ್ಕು ಕೆಮ್ಮಿದಳು. ಆಕೆಯ ತಾಯಿ ಆಕೆ ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳಂತೆ. ಅದು ಗೊತ್ತಾದ ಮೇಲೆ ಜಯವ್ವ ಆಕೆಯನ್ನು ಮಗಳೇ ಎಂದು ಕರೆಯಲು ಶುರುಮಾಡಿದಳು.

ಮಗಳೆಂದ ಮೇಲೆ ಬರಿ ಉಡಿಯಲ್ಲಿ ಹೇಗೆ ಕಳಿಸುವುದು? ಕೊನೆಯ ದಿನ ಬೆಳಿಗ್ಗೆ ಕೆಲಸದವರ ಶೆಡ್ಡಿನಲ್ಲಿ ಎಸ್ನತ್‌ಳನ್ನು ಕೂರಿಸಿದರು. ಸೆರಗಿಲ್ಲವಲ್ಲ ಎಂದು ಜಯವ್ವ ಪೇಚಾಡುತ್ತಿದ್ದಾಗ ಎಸ್ನತ್ ತನ್ನ ಚಿತೆಂಜೆಯನ್ನೇ ಒಡ್ಡಿದಳು. ಮಹೇಶ್ವರಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣದ ಬೇರು, ಕುಪ್ಪಸದ ಖಣ ಎಲ್ಲ ತುಂಬಿದಳು. ಜಯವ್ವನ ಬೀಜದ ಗಂಟೂ ಬಿತ್ತು. ಕೊಟ್ಟವರ ಮನೆ ಬರಿದಾಗಬಾರದೆಂದು ಉಡಿಯಿಂದ ಒಂದು ಚಿಟಿಕೆ ಅಕ್ಕಿಯನ್ನು ತಿರುಗಿ ಹಾಕುವುದನ್ನೂ ಮಹೇಶ್ವರಿ ಕಲಿಸಿದಳು. ಜಯವ್ವ ದೂರದಲ್ಲಿ ಕಂಬಕ್ಕೆ ಆನಿಕೊಂಡು ನಿಂತು, "ಮನೀಗೆ ಹೋಗಿ ನಿಮ್ಮ ದೇವರ ಮುಂದ ಬಿಚ್ಚವಾ. ದಾರ್ಯಾಗ ಝಾಡಸಬ್ಯಾಡ" ಎಂದಳು.

ತಾಯಿಯಂಥವಳು ದೂರ ಯಾಕೆ ನಿಂತಿದ್ದಾಳೆ ಎಂದು ಎಸ್ನತ್ ನನ್ನನ್ನು ಕೇಳಿದಳು. ಗಂಡನಿಲ್ಲದವರಿಗೆ ನಮ್ಮಲ್ಲಿ ಹೀಗೆ ಎಂದು ಇದ್ದದ್ದನ್ನು ಹೇಳಿದೆ. ಆಕೆ ಜಯವ್ವನ ಕಡೆಗೊಮ್ಮೆ ನೋಡಿದಳು. ಚಿತೆಂಜೆಯನ್ನು ಗಂಟು ಹಾಕಿ ಸೊಂಟಕ್ಕೆ ಬಿಗಿದುಕೊಂಡಳು.

ಎಡವಟ್ಟು ಆಗಲೇ ಆಗಿತ್ತು, ನಮಗ್ಯಾರಿಗೂ ತಿಳಿದಿರಲಿಲ್ಲ. ಕಂಪನಿಯ ಮೂಲ ಬೀಜ ಬರುವುದು ಕೆಂಪು ಅಕ್ಷರ ಅಚ್ಚಾದ ಸಣ್ಣ ಬಟ್ಟೆ ಚೀಲದಲ್ಲಿ. ಬಿತ್ತನೆ ಮುಗಿದ ಮೇಲೆ ಖಾಲಿ ಚೀಲಗಳನ್ನು ಎಸೆಯುತ್ತಿದ್ದರು. ರಾಣೆಬೆನ್ನೂರಿನ ಸುತ್ತಲಿನ ಊರುಗಳಲ್ಲಿ ಎಲೆ ಅಡಿಕೆ ಇಡಲು, ಚಿಲ್ಲರೆ ಕಟ್ಟಲು, ಹಾಲು ಸೋಸಲು ಎಲ್ಲದಕ್ಕೂ ಅದೇ ಚೀಲ. ಜಯವ್ವನೂ ಒಂದು ಹೊಸದರಂಥ ಚೀಲ ತೊಳೆದು, ಪರದೇಶಕ್ಕೆ ಹೋಗುವುದೆಂದು ಇಸ್ತ್ರಿ ಮಾಡಿಸಿ, ಅದರಲ್ಲೇ ಹೀರೆಯ ಬೀಜ ಕಟ್ಟಿದ್ದಳು. ಖಾಲಿ ಚೀಲ ಹೊರಗೆ ಹೋದಾಗ ಯಾರೂ ಕೇಳಿರಲಿಲ್ಲ, ತುಂಬಿದ ಚೀಲ ಒಳಗೆ ಬಂದಾಗಲೂ ಯಾರೂ ಕೇಳಿರಲಿಲ್ಲ.

ಸಂಜೆಗೆ ಬೀಳ್ಕೊಡುಗೆ ಸಭೆ ಮುಗಿಯಿತು. ಹುಬ್ಬಳ್ಳಿಯ ವಿಮಾನ ಹಿಡಿಯಲು ಬಸ್ಸು ಗೇಟಿನ ಹೊರಗೆ ಸಿದ್ಧವಾಗಿತ್ತು. ಎಸ್ನತ್ ಬಗ್ಗಿ ಕೈಚೀಲ ಎತ್ತಿಕೊಳ್ಳುವಾಗ ಚಿತೆಂಜೆಯ ಮಡಿಕೆಯಿಂದ ಕೆಂಪು ಅಕ್ಷರದ ಮೂಲೆ ಇಣುಕಿತು. ಪ್ರಭುಲಿಂಗಪ್ಪ ಅದನ್ನು ನೋಡಿದ. ನೋಡಿದವನೇ ಬಂದು ಗೇಟಿಗೆ ಅಡ್ಡ ನಿಂತ.

"ಸರ, ಅದು ನಮ್ಮ ಮೂಲ ಬೀಜದ ಚೀಲ ಐತ್ರಿ. ಬಿಚ್ಚಿ ಝಾಡಸಾಕ ಹೇಳ್ರಿ."

"ಪ್ರಭುಲಿಂಗಪ್ಪನವರ, ಇವರು ಸರ್ಕಾರದ ಅತಿಥಿಗಳು," ಎಂದ ನಂದನ. "ನನಗ ದಿಲ್ಲಿಯಿಂದ ಫೋನ್ ಬರ್ತದ."

"ನಿಮಗ ದಿಲ್ಲಿ ಐತಿ, ನನಗ ಹೆಡ್ ಆಫೀಸ್ ಐತಿ. ಬೀಜಾ ಹ್ವಾದ್ರ ನಾನೂ ಹ್ವಾದೆ."

ಮಲಾವಿ ತಂಡದ ಹಿರಿಯರಿಗೆ ವಿಷಯ ತಿಳಿದು ಅವರ ಮುಖ ಬಿಗಿಯಿತು. ತಮ್ಮ ಅಧಿಕಾರಿಯನ್ನು ಕಳ್ಳಿಯಂತೆ ಶೋಧಿಸುವುದಾದರೆ ದಿಲ್ಲಿಯಲ್ಲಿರುವ ತಮ್ಮ ಹೈಕಮಿಷನ್ನಿಗೆ ತಿಳಿಸುತ್ತೇವೆ ಎಂದರು. ಆದರೆ ಅವರು ಎಸ್ನತ್‌ಳ ಕಡೆ ನೋಡಿದ ನೋಟದಲ್ಲೂ ಅನುಮಾನವಿತ್ತು. ಇದು ಅವರ ಸರ್ಕಾರಕ್ಕೆ ಮುಟ್ಟಿದರೆ ಆಕೆಯ ನೌಕರಿ, ಹೆಸರು ಎರಡೂ ಹೋದಂತೆಯೇ.

ನಂದನ ನನ್ನನ್ನು ಪಕ್ಕಕ್ಕೆ ಕರೆದ. ಡಿಸೆಂಬರಿನ ತಂಪಿನಲ್ಲೂ ಅವನ ಹಣೆ ಬೆವರಿತ್ತು. "ರಾಯಭಾರಿಗಳ ಮೊಹರು ಮಾಡಿದ ಚೀಲಾನ ಯಾವ ದೇಶದವ್ರೂ ಬಿಚ್ಚೂ ಹಂಗಿಲ್ಲ ಅಂತ ನೀವ ಪಾಠ ಹೇಳಿದ್ರಿ ಸರ್. ಇದಕ್ಕ ಅಂಥಾದ್ದು ಏನೂ ಇಲ್ಲ. ಗೊತ್ತಿಲ್ಲದ ತಗೊಂಡೆ, ತಪ್ಪಾತು ಅಂತ ಆಕಿ ಎರಡು ಸಾಲು ಬರೆದುಕೊಟ್ರ ಇಲ್ಲೇ ಮುಗಸ್ತೀನಿ. ಕೇಳ್ರಿ."

ಕೇಳಿದೆ. ಎಸ್ನತ್ ನಿಧಾನವಾಗಿ ಉತ್ತರ ಕೊಟ್ಟಳು. ಇದನ್ನು ನನ್ನ ತವರಿನವರು ಎಲ್ಲರ ಎದುರಿಗೆ ಕೊಟ್ಟಿದ್ದಾರೆ, ನಾನೂ ತಿಳಿದೇ ತೆಗೆದುಕೊಂಡಿದ್ದೇನೆ. ಗೊತ್ತಿಲ್ಲದೆ ತೆಗೆದುಕೊಂಡೆ ಎಂದು ಹೇಗೆ ಬರೆಯಲಿ, ಎಂದಳು. ಎರಡೂ ಕೈ ಸೊಂಟದ ಗಂಟಿನ ಮೇಲಿದ್ದವು.

ಅಷ್ಟರಲ್ಲಿ ಕೆಲಸ ಮುಗಿಸಿದ ಹೆಣ್ಣುಮಕ್ಕಳ ಸಾಲು ಗೇಟಿಗೆ ಬಂತು. ಸಂಗತಿ ಕಿವಿಗೆ ಬಿದ್ದದ್ದೇ ತಡ, ಜಯವ್ವ ಸಾಲು ಬಿಟ್ಟು ಬಂದು ಪ್ರಭುಲಿಂಗಪ್ಪನ ಮುಂದೆ ನಿಂತಳು.

"ಚೀಲ ನಿಮ್ಮದ್ರಿ, ಕಾಳು ನನ್ನವು. ನಮ್ಮ ಹಿತ್ತಲದ ಹೀರಿ ಬೀಜ. ಕೊಟ್ಟಾಕಿ ನಾನು, ನನ್ನ ಕೇಳ್ರಿ."

"ಹಂಗಾರ ಝಾಡಿಸಿ ತೋರಸಲಿ. ನಾ ಎಲ್ಲಿ ಬ್ಯಾಡ ಅಂದೆ?"

"ತುಂಬಿದ ಉಡಿ ಝಾಡಸಬಾರದ್ರೀ."

"ನೀವು ದಿನಾ ಝಾಡಸೂದಿಲ್ಲೇನು?"

"ಝಾಡಸ್ತೀವಿ. ನಮ್ಮವು ಖಾಲಿ ಉಡಿ, ಎಷ್ಟರ ಝಾಡಸ್ರಿ. ಆಕಿದು ತುಂಬಿದ್ದು. ಮಗಳ ಉಡಿ ಹಾದ್ಯಾಗ ಝಾಡಿಸಿ ನಾ ಎಲ್ಲಿ ಹೋಗ್ಲಿ?"

ನಂದನ ನಡುವೆ ಬಾಯಿ ಹಾಕಿದ. "ಜಯವ್ವಾರ, ಕಾಳು ನಿಮ್ಮವ ಇದ್ರೂ ವಿಮಾನದಾಗ ಒಯ್ಯಾಕ ಬರಂಗಿಲ್ಲ. ಬೀಜಾ, ಧಾನ್ಯ ದೇಶ ದಾಟಬೇಕಾದ್ರ ಸರ್ಕಾರದ ಪರವಾನಗಿ ಬೇಕು. ಇಲ್ಲಿ ದಾಟಿದ್ರೂ ಮುಂದ ಹಿಡೀತಾರ."

ಅದು ಖರೇ ಇತ್ತು. ಒಯ್ಯುವ ಹಾಗಿಲ್ಲ, ಝಾಡಿಸುವ ಹಾಗಿಲ್ಲ. ನಾನು ಎಲ್ಲವನ್ನೂ ಎಸ್ನತ್‌ಗೆ ಹೇಳಿದೆ. ಆಕೆ, ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ಹಾಕಬಹುದೇ ಎಂದು ಕೇಳಿದಳು. ಹಾಕಬಹುದು, ಅದು ಝಾಡಿಸಿದಂತಲ್ಲ ಎಂದೆ. ಮಹೇಶ್ವರಿಯ ಕಡೆ ಕೈ ತೋರಿಸಿದೆ. ಎಸ್ನತ್ ಮಹೇಶ್ವರಿಯನ್ನು ದಾಟಿ ಹೋಗಿ ಜಯವ್ವನ ಮುಂದೆ ನಿಂತಳು. ಗಂಟು ಬಿಚ್ಚಿ, ಸೆರಗು ಒಡ್ಡು ಎಂದು ಸನ್ನೆ ಮಾಡಿದಳು.

ಜಯವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ನನಗ ಬ್ಯಾಡವ್ವಾ. ನನಗ ತುಂಬಂಗಿಲ್ಲ. ಸರ, ಹೇಳ್ರಿ ಆಕಿಗೆ."

"ಆಕಿಗೆ ಗೊತ್ತೈತಿ ಜಯವ್ವಾ, ಮುಂಜಾನೇನ ಹೇಳೇನಿ," ಎಂದೆ.

ಹೆಣ್ಣುಮಕ್ಕಳಲ್ಲಿ ಗುಸುಗುಸು ಎದ್ದಿತು. ಪರದೇಶದಾಕಿಗೆ ಏನ್ ಗೊತ್ತಾಕ್ಕೈತಿ ಬಿಡ್ರಿ ಎಂದು ಒಬ್ಬಳು ಮೂಗು ಮುರಿದಳು. ಆಗ ಮಹೇಶ್ವರಿ ಗಟ್ಟಿಯಾಗಿ ಹೇಳಿದಳು: "ಅತ್ತೀ, ಒಡ್ಡರಿ."

ಜಯವ್ವ ಸೊಸೆಯ ಮುಖ ನೋಡಿದಳು. ಆಮೇಲೆ ಸೆರಗು ಒಡ್ಡಿದಳು. ಮಹೇಶ್ವರಿ ಬಂದು ಸೆರಗಿನ ಕೆಳಗೆ ಕೈ ಹಿಡಿದಳು. ಎಸ್ನತ್ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಅರಿಶಿಣದ ಬೇರು ಹಾಕಿದಳು, ಖಣವನ್ನು ಮಾತ್ರ ತನಗೆ ಇಟ್ಟುಕೊಂಡಳು. ಕೊನೆಗೆ ಆ ಚೀಲ. ಜಯವ್ವ ಅದರ ದಾರ ಬಿಚ್ಚಿ, ಕರೀ ಚಪ್ಪಟೆ ಬೀಜಗಳನ್ನು ತನ್ನ ಉಡಿಗೇ ಸುರುವಿಕೊಂಡು, ಖಾಲಿ ಚೀಲವನ್ನು ಪ್ರಭುಲಿಂಗಪ್ಪನ ಕೈಗಿಟ್ಟಳು. ಅವನು ಉಡಿಯೊಳಗೆ ಇಣುಕಿದ. ಬೀಜದಲ್ಲೇ ಬಾಳು ಸವೆಸಿದವನು, ಹೀರೆ ಯಾವುದು ಮೆಣಸಿನಕಾಯಿ ಯಾವುದು ಎಂದು ಅವನಿಗೆ ಹೇಳಿಕೊಡಬೇಕೇ?

"ಹೀರೀನ ಐತಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎಸ್ನತ್‌ಗೆ ಕೈ ಮುಗಿದ. ತಂಡದ ಹಿರಿಯರು ಅವನ ಕೈ ಕುಲುಕಿದರು. ನಂದನ ಉಸಿರು ಬಿಟ್ಟ.

ಜಯವ್ವ ತನ್ನ ಉಡಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಎಸ್ನತ್‌ಳ ಚಿತೆಂಜೆಗೆ ತಿರುಗಿ ಹಾಕಿದಳು. ಪರವಾನಗಿಯಿಲ್ಲದ ಆ ನಾಲ್ಕು ಕಾಳಿನ ವಿಷಯದಲ್ಲಿ ಭಾರತ ಸರ್ಕಾರ ಆಕಾಶ ನೋಡುತ್ತ ನಿಂತಿತ್ತು. ಬಸ್ಸು ಹೊರಟಿತು. ಎಸ್ನತ್ ಕಿಟಕಿಯಿಂದ ಕೈ ಬೀಸಿದಳು. ಜಯವ್ವನ ಎರಡೂ ಕೈ ಉಡಿ ಹಿಡಿದಿದ್ದವು, ಬರೀ ತಲೆಯಾಡಿಸಿದಳು.

ಕೆಲಸದವರ ಸಾಲು ಮತ್ತೆ ನಿಂತಿತು. ಒಬ್ಬೊಬ್ಬರಾಗಿ ಝಾಡಿಸಿ ಹೋದರು. ಜಯವ್ವನ ಸರದಿ ಬಂದಾಗ ಯೂಸುಫಸಾಬ ರೂಢಿಯಂತೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಪ್ರಭುಲಿಂಗಪ್ಪ ದನಿ ಎತ್ತರಿಸಲಿಲ್ಲ. "ಜಯವ್ವಾ, ಎಲ್ಲಾರಿಗೂ ಒಂದ ರೂಲು. ಝಾಡಿಸಿ ತೋರಿಸಿ, ಮತ್ತ ತುಂಬ್ಕೊಂಡು ಹೋಗು. ನಾ ಕಸಗೊಳ್ಳೂದಿಲ್ಲ."

"ನಂದು ತುಂಬಿದ ಉಡಿ ಐತ್ರಿ ಸಾಹೇಬರ."

"ಒಬ್ಬಾಕಿಗೆ ಬಿಟ್ರ ನಾಳೆ ಎಲ್ಲಾರಿಗೂ ಬಿಡಬೇಕಾಕ್ಕೈತಿ. ಝಾಡಸದ ಹ್ವಾದ್ರ ನಾಳಿಂದ ಬರಬ್ಯಾಡ."

"ಆತ್ರಿ," ಎಂದಳು ಜಯವ್ವ. ಯೂಸುಫಸಾಬ ಚಿಕ್ಕ ಗೇಟು ಬಿಟ್ಟು ಅತಿಥಿಗಳಿಗೆ ತೆಗೆದಿದ್ದ ದೊಡ್ಡ ಗೇಟನ್ನೇ ಪೂರಾ ತೆರೆದ. ಜಯವ್ವ ಒಂದು ಕಾಳೂ ಚೆಲ್ಲದಂತೆ ಉಡಿ ಹಿಡಿದುಕೊಂಡು ಅದರೊಳಗಿಂದ ಹಾದು ಹೋದಳು.

ತರಬೇತಿ ಸೌಹಾರ್ದದಿಂದ ಮುಗಿಯಿತು ಎಂದು ನಂದನ ದಿಲ್ಲಿಗೆ ವರದಿ ಕಳಿಸಿದ. ಮರುವರ್ಷ ಬೇರೆ ದೇಶದವರು ಬಂದರು, ಕಲಿಸಿದವಳು ಮಹೇಶ್ವರಿ. ಜಯವ್ವ ಈಗ ಹಿತ್ತಲಿನ ತರಕಾರಿಯನ್ನು ಹಾವೇರಿಯ ಸಂತೆಗೆ ತರುತ್ತಾಳೆ. ಕಂಪನಿಯ ಪಗಾರ ಇದರಲ್ಲಿ ಹುಟ್ಟುವುದಿಲ್ಲ, ಅದನ್ನು ಆಕೆ ಮುಚ್ಚಿಡುವುದೂ ಇಲ್ಲ.

ಹೋದ ತಿಂಗಳು ಅಗಡಿಗೆ ಹೋದಾಗ ಬೇಲಿಯ ತುಂಬ ಹೀರೆ ಹಬ್ಬಿತ್ತು. ಎರಡು ಕಾಯಿ ಕೊಯ್ದು ನನ್ನ ಕೈಗೆ ಕೊಟ್ಟಳು. "ಒಯ್ರಿ ಸರ. ಎಸ್ನತ್ ಕೊಟ್ಟ ಬೀಜದ್ದು."

"ಅವು ನಿನ್ನ ಹಿತ್ತಲದ ಬೀಜ ಅಲ್ಲೇನ ಜಯವ್ವಾ?" ಎಂದೆ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ!

"ಮೊದಲ ಇದ್ದೂ," ಎಂದಳು. "ಈಗ ತವರಿಂದ ಉಡಿಗೆ ಬಂದಾವ್ರಿ."